ಪೇನ್ಸ್‌ವಿಕ್‌ನ ಶಿಲಾಸಮಾಧಿಗಳು

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಸೀಮೆಯಲ್ಲಿ, ಕಾಟ್ಸ್‌ವೋಲ್ಡ್ ಗುಡ್ಡಗಳ ನಡುವೆ ಪೇನ್ಸ್‌ವಿಕ್ ಎಂಬ ಸಣ್ಣ ಊರುಂಟು. ಅಲ್ಲಿಯ ಸೇಂಟ್ ಮೇರಿ ಇಗರ್ಜಿಯ ಅಂಗಳದಲ್ಲಿ, ಒಪ್ಪವಾಗಿ ಕತ್ತರಿಸಿದ ಯೂ ಮರಗಳ ನಡುವೆ, ೧೭ ಮತ್ತು ೧೮ನೆಯ ಶತಮಾನಗಳ ಕೆತ್ತನೆಯ ಸಮಾಧಿಗಳು ನಿಂತಿವೆ. ಇವು ಅರಸರವಲ್ಲ, ದಂಡನಾಯಕರವೂ ಅಲ್ಲ. ಇವುಗಳಲ್ಲಿ ಅನೇಕವು ಉಣ್ಣೆಬಟ್ಟೆಯ ವರ್ತಕರವು.

ಹಿಂದೆ ಭೂಮಾಲಿಕ ಶ್ರೀಮಂತರಿಗೆ ಇಗರ್ಜಿಯ ಒಳಗೆ ಸಮಾಧಿ. ಸಾಮಾನ್ಯರಿಗೆ ಹೊರಗಿನ ಮಣ್ಣು, ಹೆಚ್ಚೆಂದರೆ ಒಂದು ಮರದ ಗುರುತು. ಪೇನ್ಸ್‌ವಿಕ್ ಹಳ್ಳದ ನೀರು ಬಟ್ಟೆಯ ಗಿರಣಿಗಳನ್ನು ತಿರುಗಿಸಿ ಹಣ ತಂದಾಗ, ವರ್ತಕರು ಆ ಹೊರಗಿನ ಅಂಗಳದಲ್ಲಿಯೇ ಕಲ್ಲಿನ ಸ್ಮಾರಕಗಳನ್ನು ಎತ್ತಿಸಿದರು. ಉಣ್ಣೆಗೆ ಆ ದೇಶದಲ್ಲಿ ಎಂಥ ಮನ್ನಣೆಯಿತ್ತೆಂದರೆ, ೧೬೬೬ರಿಂದ ಮೊದಲಾದ ಶಾಸನಗಳ ಪ್ರಕಾರ ಹೆಣಕ್ಕೂ ಉಣ್ಣೆಬಟ್ಟೆಯನ್ನೇ ಹೊದಿಸಿ ಹೂಳಬೇಕಾಗಿತ್ತು. ತಪ್ಪಿದವರಿಗೆ ಐದು ಪೌಂಡು ದಂಡ! ಈ ಕಟ್ಟಳೆ ರದ್ದಾದದ್ದು ೧೮೧೪ರಲ್ಲಿ.

ಸಮಾಧಿಗಳಲ್ಲಿ ಕೆಲವು ದೊಡ್ಡ ಪೆಟ್ಟಿಗೆಯಂತಿವೆ, ಕೆಲವು ಎತ್ತರದ ಪೀಠದಂತಿವೆ. ಪೆಟ್ಟಿಗೆಯ ಒಳಗೆ ದೇಹವಿರುವುದೆಂದು ನೋಡಿದವರು ಭಾವಿಸುವುದುಂಟು. ಆದರೆ ಅದು ಬರಿದು. ದೇಹವಿರುವುದು ಕೆಳಗಿನ ನೆಲದಲ್ಲಿ. ಪಕ್ಕಗಳಲ್ಲಿ ಸುರುಳಿಬಳ್ಳಿ, ಹಣ್ಣುಹೂಗಳ ಮಾಲೆ, ರೆಕ್ಕೆಯುಳ್ಳ ಶಿಶುಮುಖಗಳನ್ನು ಕಂಡರಿಸಿದ್ದಾರೆ. ಇಲ್ಲಿಯ ಶಿಲ್ಪಿಗಳಲ್ಲಿ ಹೆಸರಾದ ಜಾನ್ ಬ್ರಯನ್ ೧೭೮೭ರಲ್ಲಿ ತೀರಿಕೊಂಡನು. ಪರರಿಗೆ ಇಷ್ಟೆಲ್ಲ ಅಲಂಕಾರ ಮಾಡಿದವನ ಸಮಾಧಿ ಮಾತ್ರ ಸರಳವಾದ ಒಂದು ಪಿರಮಿಡ್ಡು.

ಈ ಕೆಲಸಕ್ಕೆ ಒದಗಿದ್ದು ಆ ಗುಡ್ಡಗಳ ಸುಣ್ಣಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು, ಉಳಿಗೆ ಸುಲಭವಾಗಿ ಒಲಿಯುತ್ತದೆ. ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಆದರೂ ಸುಣ್ಣದ ಗುಣ ಸುಣ್ಣದ್ದೇ. ಶತಮಾನಗಳ ಮಳೆ ಅದನ್ನು ಕರಗಿಸುತ್ತದೆ. ಆಳವಾದ ಶಿಲ್ಪ ತಡೆದುಕೊಂಡರೂ ತೆಳುವಾದ ಅಕ್ಷರಗಳು ಮೊದಲು ಅಳಿಯುತ್ತವೆ. ವೈಭವ ಉಳಿದು, ಅದು ಯಾರದೆಂಬುದೇ ಮರೆಯಾಗುತ್ತದೆ.

ವರ್ತಕರಿಗಾಗಿ ನೂಲು ತೆಗೆದ ಹೆಂಗಸರು, ಮಗ್ಗ ನಡೆಸಿದ ಬಡವರು ಇಂಥ ಕಲ್ಲು ನಿಲ್ಲಿಸುವಷ್ಟು ಉಳ್ಳವರಲ್ಲ. ಆದರೆ ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ, ಪ್ರತಿ ಇಗರ್ಜಿಯೂ ಹೂಳಿದವರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕಾಯಿತು. ಅಲ್ಲಿ ವರ್ತಕನಿಗೂ ಒಂದು ಪಂಕ್ತಿ, ನೇಕಾರನಿಗೂ ಒಂದು ಪಂಕ್ತಿ. ಆ ಪುಸ್ತಕ ಉಳಿದು ಬಂದ ಊರುಗಳಲ್ಲಿ, ಕಲ್ಲು ಮರೆತ ಹೆಸರನ್ನೂ ಕಲ್ಲೇ ಇಲ್ಲದವರ ಹೆಸರನ್ನೂ ನಮಗೆ ಹೇಳುವುದು ಕಾಗದವೇ.