ನಡೆಯುತ್ತಿರುವ ಕೋಶದೊಳಗೆ ಇಣುಕಿದ ಎಕ್ಸ್‌-ರೇ

ಹೈಡ್ರೋಜನ್‌ನಿಂದ ಓಡುವ ಕಾರು, ಬಸ್ಸುಗಳ ಸುದ್ದಿ ಈಗ ನಮ್ಮೆಲ್ಲರ ಮೊಬೈಲಿಗೂ ಬರುತ್ತಿದೆ. ಹೊಗೆ ಇಲ್ಲ, ಹೊರಬೀಳುವುದು ಬರೀ ನೀರು ಎನ್ನುತ್ತಾರೆ. ಅದು ನಿಜ. ಆದರೆ ಆ ಗಾಡಿಯ ಒಳಗಿರುವ ಫ್ಯೂಯೆಲ್ ಸೆಲ್, ಅಂದರೆ ಇಂಧನ ಕೋಶ, ಕೆಲಸ ಮಾಡಲು ಪ್ಲಾಟಿನಂ ಬೇಕು. ಜಗತ್ತಿನ ಗಣಿಗಳಿಂದ ಬರುವ ಪ್ಲಾಟಿನಂನಲ್ಲಿ ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾ ಒಂದರಿಂದಲೇ ಬರುತ್ತದೆ. ಇಷ್ಟು ವಿರಳವಾದ ಲೋಹವನ್ನು ಕಡಿಮೆ ಬಳಸಿ ಅಷ್ಟೇ ಕೆಲಸ ತೆಗೆಯುವುದು ಹೇಗೆ? ಈ ಪ್ರಶ್ನೆಯ ಹಿಂದಿನ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಕಥೆ ಹಳೆಯದು. ಬ್ರಿಟನ್ನಿನ ವೇಲ್ಸ್‌ನಲ್ಲಿ ವಿಲಿಯಂ ಗ್ರೋವ್ ಎಂಬುವರಿದ್ದರು. ಕಲಿತದ್ದು ವಕೀಲಿಕೆ, ಮುಂದೆ ನ್ಯಾಯಾಧೀಶರೂ ಆದರು, ಆದರೆ ಮನಸ್ಸೆಲ್ಲ ಪ್ರಯೋಗದ ಕಡೆ. 1839ರಲ್ಲಿ ಪ್ರಕಟವಾದ ಅವರ ಪ್ರಯೋಗ ಹೀಗಿತ್ತು: ಆಮ್ಲ ಬೆರೆಸಿದ ನೀರಿನಲ್ಲಿ ಎರಡು ಪ್ಲಾಟಿನಂ ಪಟ್ಟಿ, ಒಂದರ ಬಳಿ ಹೈಡ್ರೋಜನ್, ಇನ್ನೊಂದರ ಬಳಿ ಆಮ್ಲಜನಕ. ಎರಡನ್ನೂ ತಂತಿಯಿಂದ ಜೋಡಿಸಿದರೆ ವಿದ್ಯುತ್ ಹರಿಯಿತು. 1965ರಲ್ಲಿ ಅಮೆರಿಕದ ಜೆಮಿನಿ 5 ಗಗನನೌಕೆಗೆ ವಿದ್ಯುತ್ ಕೊಟ್ಟದ್ದೂ ಇಂಧನ ಕೋಶವೇ. ಬಾಹ್ಯಾಕಾಶದಲ್ಲಿ ಖರ್ಚು ಯಾರೂ ಕೇಳುವುದಿಲ್ಲ. ರಸ್ತೆಗೆ ಇಳಿದಾಗ ಕೇಳುತ್ತಾರೆ.

1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ಒಂದು ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಿದ್ದ ಪ್ಲಾಟಿನಂ ಅನ್ನು ಸುಮಾರು 0.4 ಮಿಲಿಗ್ರಾಂಗೆ ಇಳಿಸಿದರು. ಅದೇ ಕಾಲದಲ್ಲಿ ಇನ್ನೊಂದು ವಿಷಯ ಕಂಡುಬಂತು. ಪ್ಲಾಟಿನಂಗೆ ಕ್ರೋಮಿಯಂ, ಕೋಬಾಲ್ಟ್, ನಿಕ್ಕಲ್‌ನಂಥ ಅಗ್ಗದ ಲೋಹ ಬೆರೆಸಿದರೆ ಆಮ್ಲಜನಕದ ಬದಿಯ ಕೆಲಸ ಇನ್ನೂ ಚುರುಕಾಗುತ್ತದೆ!

ಯಾಕೆ ಎಂಬಲ್ಲಿ ಜಗಳ ಶುರುವಾಯಿತು. ಪ್ಲಾಟಿನಂ ಪರಮಾಣುಗಳು ಒಂದಕ್ಕೊಂದು ಹತ್ತಿರ ಬರುವುದೇ ಕಾರಣ ಎಂದು 1983ರಲ್ಲಿ ಜಲಾನ್ ಮತ್ತು ಟೇಲರ್ ವಾದಿಸಿದರು. ಹಾಗೇನಿಲ್ಲ, ಅಗ್ಗದ ಲೋಹ ಆಮ್ಲದಲ್ಲಿ ಕರಗಿ ಮೇಲ್ಮೈ ಉತ್ತ ಹೊಲದಂತೆ ಒರಟಾಗುತ್ತದೆ, ಜಾಗ ಹೆಚ್ಚಿದ್ದಕ್ಕೆ ಕೆಲಸವೂ ಹೆಚ್ಚು ಎಂದರು ಇನ್ನು ಕೆಲವರು. ತೀರ್ಮಾನ ಸುಲಭವಿರಲಿಲ್ಲ. ಈ ಲೋಹದ ಕಣಗಳು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಚಿಕ್ಕವು. ಜೊತೆಗೆ ಅವು ಕೆಲಸ ಮಾಡುವುದು ಒದ್ದೆಯಲ್ಲಿ. ಹೊರತೆಗೆದು ಒಣಗಿಸಿ ನೋಡಿದರೆ ಅದು ಕೆಲಸ ನಿಲ್ಲಿಸಿದ ಕಣ.

ನೀರಿನ ಮೂಲಕವೂ ಹಾಯ್ದು ಹೋಗುವ ಬೆಳಕು ಬೇಕಿತ್ತು. ಅದು ಎಕ್ಸ್‌-ರೇ. ಕೈಮೂಳೆ ನೋಡುವಂತೆ ಚಿತ್ರ ತೆಗೆಯುವುದಲ್ಲ. ಎಕ್ಸ್‌-ರೇಯ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಲೋಹ ಎಷ್ಟು ಹೀರುತ್ತದೆ ಎಂದು ಅಳೆಯುವುದು. ಒಂದು ಹಂತದಲ್ಲಿ ಪ್ಲಾಟಿನಂ ತಟ್ಟನೆ ಹೆಚ್ಚು ಹೀರಿಕೊಂಡು ತನ್ನ ಒಳಗಿನ ಎಲೆಕ್ಟ್ರಾನ್ ಒಂದನ್ನು ಹೊರದೂಡುತ್ತದೆ.

ಆ ಎಲೆಕ್ಟ್ರಾನ್ ಎರಡು ಸಂಗತಿ ಹೇಳುತ್ತದೆ. ಒಂದು, ಪರಮಾಣುವಿನ ಹೊರಮನೆಯಲ್ಲಿ ಖಾಲಿ ಸೀಟು ಎಷ್ಟಿವೆ ಎಂಬುದು. ಸೀಟು ಹೆಚ್ಚು ಖಾಲಿ ಇದ್ದರೆ ಹೀರುವಿಕೆಯೂ ಹೆಚ್ಚು. ಎರಡು, ಅಕ್ಕಪಕ್ಕದ ಪರಮಾಣು ಎಷ್ಟು ದೂರದಲ್ಲಿದೆ ಎಂಬುದು. ಕೆರೆಗೆ ಕಲ್ಲು ಹಾಕಿದರೆ ಅಲೆ ಎದ್ದು ಬಂಡೆಗೆ ಬಡಿದು ಹಿಂದಿರುಗುತ್ತದಲ್ಲ, ಎಲೆಕ್ಟ್ರಾನ್ ಕೂಡ ಹಾಗೆಯೇ. ಅಲೆಗಳ ಆ ಗುರುತಿನಿಂದ ದೂರ ಲೆಕ್ಕ ಹಾಕುವ ದಾರಿಯನ್ನು 1971ರಲ್ಲಿ ಸೇಯರ್ಸ್, ಸ್ಟರ್ನ್, ಲಿಟ್ಲ್ ಎಂಬ ಮೂವರು ಅಮೆರಿಕದಲ್ಲಿ ತೋರಿಸಿದರು. ಮುಂದೆ ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರಗಳಿಂದ ಪ್ರಖರ ಎಕ್ಸ್‌-ರೇ ಸಿಗತೊಡಗಿ ಕೆಲಸ ವೇಗ ಪಡೆಯಿತು.

1995ರಲ್ಲಿ ಸಂಜೀವ್ ಮುಖರ್ಜಿ, ಸುಪ್ರಮಣಿಯಂ ಶ್ರೀನಿವಾಸನ್, ಮ್ಯಾನುಯಲ್ ಸೊರಿಯಾಗಾ, ಜೇಮ್ಸ್ ಮ್ಯಾಕ್‌ಬ್ರೀನ್ ಪ್ರಕಟಿಸಿದ ಅಧ್ಯಯನ ಈ ಜಗಳಕ್ಕೆ ಗಟ್ಟಿ ಸಾಕ್ಷ್ಯ ತಂದಿತು. ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಬೆರೆತ ಐದು ಮಿಶ್ರಲೋಹಗಳನ್ನು ಅವು ಆಮ್ಲದಲ್ಲಿ, ವೋಲ್ಟೇಜಿನ ಕೆಳಗೆ ಇರುವಾಗಲೇ ಅವರು ಪರೀಕ್ಷಿಸಿದರು. ಬರೀ ಪ್ಲಾಟಿನಂನಲ್ಲಿ ಪರಮಾಣುಗಳ ನಡುವಿನ ಅಂತರ ಸುಮಾರು 2.77 ಆಂಗ್‌ಸ್ಟ್ರಾಂ, ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲೇ ಆಂಗ್‌ಸ್ಟ್ರಾಂ. ಮಿಶ್ರಲೋಹಗಳಲ್ಲಿ ಈ ಅಂತರ ಕಡಿಮೆ ಇತ್ತು.

ಇನ್ನೂ ಮುಖ್ಯವಾದದ್ದು ಖಾಲಿ ಸೀಟಿನ ಲೆಕ್ಕ. ವೋಲ್ಟೇಜನ್ನು 0.54ರಿಂದ 0.84ಕ್ಕೆ ಏರಿಸಿದಾಗ ಬರೀ ಪ್ಲಾಟಿನಂನಲ್ಲಿ ಖಾಲಿ ಸೀಟು ಹೆಚ್ಚಾದವು. ನೀರಿನಿಂದ ಬಂದ ಓಎಚ್ ಎಂಬ ತುಣುಕು ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡಿತ್ತು. ಮಿಶ್ರಲೋಹಗಳಲ್ಲಿ ಈ ಏರಿಕೆ ಕಾಣಲಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಉಂಡವರು ಏಳದಿದ್ದರೆ ಕಾದು ನಿಂತವರಿಗೆ ಎಲೆ ಸಿಗುವುದಿಲ್ಲ. ಮಿಶ್ರಲೋಹದ ಮೇಲೆ ಓಎಚ್ ಕೂತು ಜಾಗ ಹಿಡಿಯುವುದು ಕಡಿಮೆ, ಹಾಗಾಗಿ ಆಮ್ಲಜನಕಕ್ಕೆ ಜಾಗ ಬೇಗ ಸಿಗುತ್ತದೆ. ಅಂದರೆ ಬರೀ ಒರಟುತನವಲ್ಲ, ಪ್ಲಾಟಿನಂನ ಗುಣವೇ ಬದಲಾಗಿತ್ತು.

2014ರ ಕೊನೆಯಲ್ಲಿ ಜಪಾನ್‌ನ ಮಾರುಕಟ್ಟೆಗೆ ಬಂದ ಟೊಯೊಟಾ ಮಿರಾಯ್ ಕಾರಿನ ಕೋಶದಲ್ಲಿ ಇರುವುದು ಪ್ಲಾಟಿನಂ-ಕೋಬಾಲ್ಟ್ ಮಿಶ್ರಣ. ಹಾಗೆಂದು ಕಥೆ ಮುಗಿದಿಲ್ಲ. ಕೋಶ ಬಳಸುತ್ತ ಹೋದಂತೆ ಕೋಬಾಲ್ಟ್ ಕರಗಿ ಹೊರಹೋಗುತ್ತದೆ, ಚುರುಕು ಕುಗ್ಗುತ್ತದೆ. ಅದು ಹೇಗೆ ಕರಗುತ್ತದೆ ಎಂದು ಹುಡುಕುವುದಕ್ಕೂ ಇದೇ ಎಕ್ಸ್‌-ರೇ ವಿಧಾನ ಬಳಕೆಯಲ್ಲಿದೆ.

ಇಂಥ ಅಳತೆ ಮಾಡುವ ಸೌಲಭ್ಯ ನಮ್ಮ ದೇಶದಲ್ಲೂ ಇದೆ. ಮಧ್ಯಪ್ರದೇಶದ ಇಂದೋರ್‌ನಲ್ಲಿರುವ ಇಂಡಸ್-2 ಸಿಂಕ್ರೋಟ್ರಾನ್‌ನ ಸುತ್ತಳತೆ 172 ಮೀಟರಿಗೂ ಹೆಚ್ಚು. ಅದು ಇರುವ ಕೇಂದ್ರಕ್ಕೆ ಇಟ್ಟಿರುವುದು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರು.

ಮುಂದೆ ನಮ್ಮ ಕಡೆ ಹೈಡ್ರೋಜನ್ ಬಸ್ಸು ಬರುತ್ತದೆ ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳೋಣ. ಅದರ ಕೋಶದಲ್ಲಿ ಪ್ಲಾಟಿನಂ ಎಷ್ಟಿದೆ? ಎಷ್ಟು ವರ್ಷ ಬಾಳುತ್ತದೆ? ಬಸ್ಸಿನ ಬೆಲೆ ನಿಂತಿರುವುದು ಬಹಳ ಮಟ್ಟಿಗೆ ಇವೆರಡರ ಮೇಲೆಯೇ.