ಕಂಪೋಸಿಟರ್ ಡಿಮಾರ್ ಅವರ ಹೃದಯ

1911ರ ಏಪ್ರಿಲ್‌ನಲ್ಲಿ ಬೋಸ್ಟನ್ ಮ್ಯಾರಥಾನ್ ಶುರುವಾಗುವ ಮುಂಚೆ ಓಟಗಾರರನ್ನು ಪರೀಕ್ಷಿಸುತ್ತಿದ್ದ ವೈದ್ಯರಿಗೆ ಕ್ಲಾರೆನ್ಸ್ ಡಿಮಾರ್ ಎಂಬ ಇಪ್ಪತ್ತೆರಡರ ತರುಣನ ಎದೆಬಡಿತದಲ್ಲಿ ಏನೋ ಸದ್ದು ಕೇಳಿಸಿತು. ಸುಸ್ತಾದರೆ ನಿಂತುಬಿಡು, ಇದೇ ನಿನ್ನ ಕೊನೆಯ ಓಟವಾಗಲಿ ಎಂದರು. ಡಿಮಾರ್ ಆ ದಿನ ನಿಲ್ಲಲಿಲ್ಲ, ಗೆದ್ದರು. ಆದರೆ ಮಾತು ಮನಸ್ಸಿನಲ್ಲಿ ನಾಟಿತ್ತು. ಮರುವರ್ಷ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿ 12ನೆಯವರಾಗಿ ಬಂದ ಮೇಲೆ ಸುಮಾರು ಹತ್ತು ವರ್ಷ ಬೋಸ್ಟನ್ನಿನ ರಸ್ತೆಗೆ ಇಳಿದದ್ದೇ ಅಪರೂಪ.

ಆಮೇಲೆ ಬಂದದ್ದು ಅವರ ನಿಜವಾದ ಕಾಲ. 1922, 23, 24, 27, 28 ಮತ್ತು 1930: ಮೊದಲ ಗೆಲುವೂ ಸೇರಿ ಒಟ್ಟು ಏಳು. ಕೊನೆಯ ಸಲ ಗೆದ್ದಾಗ ವಯಸ್ಸು 41. ಅಷ್ಟು ವಯಸ್ಸಿನಲ್ಲಿ ಬೋಸ್ಟನ್ ಗೆದ್ದ ಗಂಡಸು ಅವರ ಮುಂಚೆ ಇರಲಿಲ್ಲ, ಆಮೇಲೂ ಬಂದಿಲ್ಲ. 65 ತುಂಬಿದ ಮೇಲೂ, 1954ರಲ್ಲಿ, ಅದೇ ದಾರಿಯಲ್ಲಿ ಓಡಿದರು.

ನನಗೆ ಈ ಮನುಷ್ಯನ ಮೇಲೆ ಇಷ್ಟೊಂದು ಅಕ್ಕರೆ ಹುಟ್ಟಲು ಓಟದಷ್ಟೇ ಅವರ ಕಸುಬೂ ಕಾರಣ. ಡಿಮಾರ್ ಅಚ್ಚುಕೂಟದ ಕಂಪೋಸಿಟರ್. ನಾನೂ ಮೈಸೂರಿನಲ್ಲಿ ಮೊಳೆ ಜೋಡಿಸಿ ಬದುಕಿದವನು, ಆಫ್‌ಸೆಟ್ ಬಂದು ಆ ಕೆಲಸವೇ ಹೋಗುವ ತನಕ. ಕೇಸಿನ ಮುಂದೆ ನಿಂತು, ಒಂದೊಂದೇ ಅಕ್ಷರ, ಅದರ ಒತ್ತು, ಕೊಂಬು ಹುಡುಕಿ ಸ್ಟಿಕ್ಕಿಗೆ ಕೂರಿಸುವುದು. ಸಂಜೆ ಹೊತ್ತಿಗೆ ಸೊಂಟವೂ ಮೀನಖಂಡವೂ ಕಲ್ಲಾಗಿರುತ್ತಿದ್ದವು. ಡಿಮಾರ್ ಅಂಥ ಕೆಲಸಕ್ಕೆ ಮನೆಯಿಂದ ಓಡಿಕೊಂಡು ಹೋಗಿ, ಮುಗಿಸಿ ಓಡಿಕೊಂಡೇ ವಾಪಸು ಬರುತ್ತಿದ್ದರು. ಅವರ ಬಹುಪಾಲು ತಾಲೀಮು ಇಷ್ಟೇ. ಓಟಕ್ಕೆಂದು ಬೇರೆ ಹೊತ್ತು, ಬೇರೆ ಹುಮ್ಮಸ್ಸು ಹೊಂದಿಸಿಕೊಳ್ಳುವ ಪ್ರಶ್ನೆ ಏಳದಂತೆ ಅದನ್ನು ದಿನಚರಿಯ ಒಳಗೇ ಸೇರಿಸಿದ್ದರು. ವಯಸ್ಸಾದವರು ಓಟ ಬಿಡುವುದು ಕಾಲು ಸೋತಾಗಲ್ಲ. ಅದಕ್ಕಿಂತ ಎಷ್ಟೋ ಮೊದಲು, ದಿನದಲ್ಲಿ ಓಟಕ್ಕೆ ಜಾಗ ಇಲ್ಲವಾದಾಗ. ಇದು ನನ್ನ ಗಟ್ಟಿ ಅಭಿಪ್ರಾಯ.

ಡಿಮಾರ್ 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವೈದ್ಯರು ಹೆದರಿಸಿದ್ದ ಆ ಹೃದಯವನ್ನು ಆಗ ತೆರೆದು ನೋಡಲಾಯಿತು. 1961ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಜೇಮ್ಸ್ ಕರೆನ್ಸ್ ಮತ್ತು ಪಾಲ್ ಡಡ್ಲಿ ವೈಟ್ ಅದರ ವರದಿ ಬರೆದರು. ವೈಟ್ ಎಂದರೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ 1955ರಲ್ಲಿ ಹೃದಯಾಘಾತವಾದಾಗ ನೋಡಿಕೊಂಡ ವೈದ್ಯರು. ಡಿಮಾರ್ ಅವರ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ನಾಳದ ಗೋಡೆಗೆ ಕೊಬ್ಬು ಕಟ್ಟಿರಲಿಲ್ಲವೆಂದಲ್ಲ, ವಯಸ್ಸಿಗೆ ತಕ್ಕಂತೆ ಕಟ್ಟಿತ್ತು. ದಾರಿಯೇ ಅಗಲವಾಗಿದ್ದರಿಂದ ರಕ್ತ ಸರಾಗವಾಗಿ ಹರಿಯುತ್ತಿತ್ತು. ಒಬ್ಬನ ಹೃದಯ ನೋಡಿ ಎಲ್ಲರಿಗೂ ಅನ್ವಯಿಸಲಾಗದು. ಆ ನಾಳಗಳು ಹುಟ್ಟಿನಿಂದಲೇ ಹಾಗಿದ್ದಿರಲೂಬಹುದು. ಆದರೆ ದೂರದ ಓಟ ಹೃದಯವನ್ನು ಸವೆಸಿ ಕೊಲ್ಲುತ್ತದೆ ಎಂಬ ಹಳೆಯ ಭಯಕ್ಕೆ ಐವತ್ತು ವರ್ಷದ ಓಟ ಕೊಟ್ಟ ಉತ್ತರ ಅದು. ಹಾಗೆಂದು ಪರೀಕ್ಷೆ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಟ್ರೆಡ್‌ಮಿಲ್ ಟೆಸ್ಟ್ ಮಾಡಿಸದೆ ನಾನೇ ಯಾವ ಸ್ಪರ್ಧೆಗೂ ಹೆಸರು ಕೊಡುವುದಿಲ್ಲ.

ಮಗಳ ಬಾಣಂತನಕ್ಕೆಂದು ಬೋಸ್ಟನ್ನಿಗೆ ಹೋಗಿದ್ದಾಗ ಅಳಿಯನನ್ನು ಕಾಡಿ ನ್ಯೂಟನ್ ಎಂಬ ಊರಿಗೆ ಹೋದೆ. ಅಲ್ಲಿ ಜಾನಿ ಕೆಲ್ಲಿ ಅವರ ಪ್ರತಿಮೆ ಇದೆ. 1935ರಲ್ಲಿ ಗೆದ್ದ ತರುಣ ಕೆಲ್ಲಿಯೂ ಎಂಬತ್ತು ದಾಟಿದ ಮುದುಕ ಕೆಲ್ಲಿಯೂ ಕೈ ಕೈ ಹಿಡಿದು ಓಡುತ್ತಿದ್ದಾರೆ. ಕೆಲ್ಲಿ ಬೋಸ್ಟನ್ ಓಟಕ್ಕೆ ನಿಂತದ್ದು 61 ಸಲ, ಮುಗಿಸಿದ್ದು 58 ಸಲ. ಗೆದ್ದದ್ದು ಎರಡೇ, ಎರಡನೆಯವರಾಗಿ ಬಂದದ್ದು ಏಳು. 1992ರಲ್ಲಿ ಕೊನೆಯ ಬಾರಿ ಪೂರ್ತಿ ಓಡಿದಾಗ 84 ವರ್ಷ. ಇಳಿವಯಸ್ಸಿನ ಕೆಲ್ಲಿ ಆ ರಸ್ತೆಯಲ್ಲಿ ಬರುವುದನ್ನು ನೋಡಲೆಂದೇ ಜನ ಕಾಯುತ್ತಿದ್ದರಂತೆ. ಕಾಯುವವರಿದ್ದಾರೆ ಎಂಬುದು ಎಷ್ಟು ದೊಡ್ಡ ಬಲವೆಂದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮ ಗುಂಪಿನವರ ಜೊತೆ ಓಡುವಾಗಲೆಲ್ಲ ಅನುಭವಿಸುತ್ತೇನೆ. ಒಬ್ಬರು ಬಾರದಿದ್ದರೆ ಮಧ್ಯಾಹ್ನದೊಳಗೆ ಫೋನ್ ಹೋಗುತ್ತದೆ.

ಕೆನಡಾದ ಎಡ್ ವಿಟ್ಲಾಕ್ ಇದಕ್ಕೆ ತದ್ವಿರುದ್ಧ. ಮಿಲ್ಟನ್ ಊರಿನ ತಮ್ಮ ಮನೆಯ ಬಳಿಯ ಸ್ಮಶಾನದೊಳಗಿನ ದಾರಿಯಲ್ಲಿ ಒಬ್ಬರೇ, ನಿಧಾನವಾಗಿ, ಮೂರು ಮೂರು ಗಂಟೆ ಸುತ್ತು ಹಾಕುತ್ತಿದ್ದರು. ತಾಲೀಮು ತನಗೆ ಖುಷಿಯ ವಿಷಯವಲ್ಲ ಎಂದು ಬಾಯಿಬಿಟ್ಟೇ ಹೇಳುತ್ತಿದ್ದರು. ಅವರನ್ನು ಎಬ್ಬಿಸುತ್ತಿದ್ದದ್ದು ಸ್ಪರ್ಧೆ, ದಾಖಲೆ. 2003ರಲ್ಲಿ, 72ನೇ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ಗಂಟೆ 59 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರು ಮೂರು ಗಂಟೆಯೊಳಗೆ ಓಡಿದ್ದು ಅದೇ ಮೊದಲು. ಮರುವರ್ಷ ಇನ್ನೂ ನಾಲ್ಕು ನಿಮಿಷ ಕಡಿಮೆ ಮಾಡಿದರು. 2016ರಲ್ಲಿ, 85ರಲ್ಲಿ, ಟೊರಾಂಟೊದಲ್ಲಿ ನಾಲ್ಕು ಗಂಟೆಯೊಳಗೆ ಬಂದರು. ಐದು ತಿಂಗಳ ನಂತರ ಅವರು ಇರಲಿಲ್ಲ.

ವಿಟ್ಲಾಕ್ ಅವರ ದಾಖಲೆಗಳಿಗೆ ಅರ್ಥ ಬಂದದ್ದು ವಯೋಗುಂಪುಗಳಿಂದ. ಅದಕ್ಕೆ ನಾವು ಸ್ಯಾನ್ ಡಿಯಾಗೊದ ವಕೀಲ ಡೇವಿಡ್ ಪೇನ್ ಅವರನ್ನು ನೆನೆಯಬೇಕು. ನಲವತ್ತು ದಾಟಿದವರಿಗೂ ಓಟದ ಕಣದಲ್ಲಿ ಪಾಲಿರಬೇಕೆಂದು ಹಟ ಹಿಡಿದ ಅವರು 1968ರಲ್ಲಿ ಹಿರಿಯರ ಮೊದಲ ಅಮೆರಿಕನ್ ಚಾಂಪಿಯನ್‌ಷಿಪ್ ನಡೆಸಿದರು. 1975ರಲ್ಲಿ ಟೊರಾಂಟೊದಲ್ಲಿ ಜಗತ್ತಿನ ಹಿರಿಯರೆಲ್ಲ ಸೇರಿದರು. ಐದೈದು ವರ್ಷಕ್ಕೊಂದು ಗುಂಪು ಎಂಬ ಆ ಏರ್ಪಾಟು ಹಿರಿಯ ಓಟಗಾರರಿಗೆ ಸಿಕ್ಕ ದೊಡ್ಡ ಉಪಕಾರ. ಇಲ್ಲದಿದ್ದರೆ ಪ್ರತಿ ಹುಟ್ಟುಹಬ್ಬವೂ ಒಂದಷ್ಟು ನಿಮಿಷ ಕಳೆದುಕೊಂಡ ಲೆಕ್ಕವೇ ಆಗುತ್ತಿತ್ತು. ಈಗ ನನಗೆ 69. ಅರವತ್ತೈದು ದಾಟಿದವರ ಗುಂಪಿನಲ್ಲಿ ನಾನೇ ಹಿರಿಯ, ಅಲ್ಲಿ ಪದಕದ ಆಸೆ ಇಲ್ಲ. ಬರುವ ಆಷಾಢಕ್ಕೆ ಎಪ್ಪತ್ತು ತುಂಬುತ್ತದೆ, ಮುಂದಿನ ಗುಂಪಿಗೆ ನಾನೇ ಕಿರಿಯವನಾಗಿ ಸೇರುತ್ತೇನೆ. ಅದಕ್ಕೆಂದು ಮೀನಖಂಡ ಗಟ್ಟಿ ಮಾಡಿಕೊಳ್ಳಲು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನು ಈಗಾಗಲೇ ಶುರುಮಾಡಿದ್ದೇನೆ.