ಚಿತ್ರದ ಅಡಿಪಾಯ: ಕ್ಯಾನ್ವಾಸ್ ಹದಗೊಳಿಸುವ ಕಲೆಯ ಒಂದು ಚರಿತ್ರೆ

ತೈಲವರ್ಣದ ಚಿತ್ರವೊಂದರ ಮುಂದೆ ನಿಂತಾಗ ನಾವು ಬಣ್ಣ, ಬೆಳಕು, ಭಾವಗಳ ಕುರಿತು ಮಾತನಾಡುತ್ತೇವೆ. ಅವೆಲ್ಲವನ್ನೂ ಹೊತ್ತಿರುವ ಬಟ್ಟೆಯ ನೆನಪು ಬರುವುದು ಚಿತ್ರ ಬಿರುಕುಬಿಟ್ಟಾಗ ಮಾತ್ರ. ಹೊಸದಾಗಿ ಕುಂಚ ಹಿಡಿದವರಿಗೆ ಹಿರಿಯರು ಹೇಳುವ ಮೊದಲ ಮಾತು ಒಂದೇ: ಬಟ್ಟೆಯನ್ನು ಬಿಗಿದು, ಅಂಟು ಬಳಿದು, ಅಸ್ತರಿ ಹಚ್ಚಿ, ಆಮೇಲೆ ಬಣ್ಣಕ್ಕೆ ಕೈಹಾಕಿ. ಈ ನಿಯಮ ಎಲ್ಲಿಂದ ಬಂತು, ಏಕೆ ಬಂತು ಎಂಬುದನ್ನು ತಿಳಿದವರಿಗೆ ಅದನ್ನು ಯಾವಾಗ ಬದಲಿಸಬೇಕೆಂಬುದೂ ತಿಳಿಯುತ್ತದೆ.

ಸಮಸ್ಯೆಯ ಮೂಲ ಅಗಸೆ ಎಣ್ಣೆಯಲ್ಲಿದೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಹುಟ್ಟುವ ಆಮ್ಲೀಯ ವಸ್ತುಗಳು ಬರಿಯ ಬಟ್ಟೆಯ ನಾರನ್ನು ವರ್ಷಗಟ್ಟಲೆ ತಿನ್ನುತ್ತವೆ. ಬಟ್ಟೆ ಕಂದಾಗಿ, ಪೆಡಸಾಗಿ, ಕೊನೆಗೆ ಹರಿಯುತ್ತದೆ. ಬಣ್ಣಕ್ಕೆ ಬಟ್ಟೆಯ ಆಸರೆ ಬೇಕು, ಆದರೆ ಅದರ ಎಣ್ಣೆ ಆ ಆಸರೆಯನ್ನೇ ಕೊಲ್ಲುತ್ತದೆ. ಕ್ಯಾನ್ವಾಸಿನ ಚರಿತ್ರೆಯೆಂದರೆ ಇವೆರಡರ ನಡುವೆ ಒಂದು ತಡೆಯನ್ನು ಕಟ್ಟುವ ಪ್ರಯತ್ನದ ಚರಿತ್ರೆ.

ಯುರೋಪಿನಲ್ಲಿ ಆ ತಡೆ ಮೊದಲು ಮರದ ಹಲಗೆಯ ಮೇಲೆ ರೂಪುಗೊಂಡಿತು. ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಸರೇಸಿನಲ್ಲಿ ಜಿಪ್ಸಂ ಕಲಸಿ, ಹಲಗೆಯ ಮೇಲೆ ಪದರಪದರವಾಗಿ ಹಚ್ಚುತ್ತಿದ್ದರು. ಇಟಲಿಯವರ ‘ಗೆಸ್ಸೊ’ ಇದೇ. ಸುಮಾರು 1400ರಲ್ಲಿ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ ಬರೆದ ಕೈಪಿಡಿಯಲ್ಲಿ ಬಟ್ಟೆಗೂ ಒಂದು ವಿಧಾನವಿದೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಬೇಕು, ಸರೇಸು ಬಳಿಯಬೇಕು, ಗೆಸ್ಸೊವನ್ನು ಎಳೆಗಳ ನಡುವಿನ ಸಂದು ತುಂಬುವಷ್ಟು ಮಾತ್ರ ಹಚ್ಚಬೇಕು. ಮರ ಬಾಗುವುದಿಲ್ಲ, ಬಟ್ಟೆ ಬಾಗುತ್ತದೆ. ದಪ್ಪ ಪದರ ಬಟ್ಟೆಯೊಡನೆ ಬಾಗಲಾರದೆ ಒಡೆಯುತ್ತದೆ. ಆರು ಶತಮಾನಗಳ ಹಿಂದಿನ ಈ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ.

ಬಟ್ಟೆಗೆ ಪಟ್ಟ ಕಟ್ಟಿದ್ದು ವೆನಿಸ್. ಆ ಊರಿನ ಉಪ್ಪುಗಾಳಿಯಲ್ಲಿ ಗೋಡೆಯ ಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳು ಬಾಳುತ್ತಿರಲಿಲ್ಲ, ದೊಡ್ಡ ಹಲಗೆಗಳು ಬಾಗುತ್ತಿದ್ದವು. ಆದರೆ ಹಡಗು ಕಟ್ಟುವ ಆ ಬಂದರಿನಲ್ಲಿ ಹಾಯಿಬಟ್ಟೆಗೆ ಬರವಿರಲಿಲ್ಲ. ಹದಿನೈದನೆಯ ಶತಮಾನದ ಕೊನೆಯಲ್ಲಿ ಅರಮನೆಯ ಮಹಾಸಭಾಂಗಣದ ಹಾಳಾದ ಭಿತ್ತಿಚಿತ್ರಗಳ ಜಾಗಕ್ಕೆ ಕ್ಯಾನ್ವಾಸುಗಳು ಬಂದವು. ವೆರೊನೀಸ್ 1563ರಲ್ಲಿ ಮುಗಿಸಿದ ‘ಕಾನಾ ಊರಿನ ಮದುವೆ’ ಹತ್ತಿರಹತ್ತಿರ ಹತ್ತು ಮೀಟರ್ ಅಗಲದ ಚಿತ್ರ. 1797ರಲ್ಲಿ ನೆಪೋಲಿಯನ್ನನ ಸೈನ್ಯ ಅದನ್ನು ಪ್ಯಾರಿಸ್ಸಿಗೆ ಸಾಗಿಸಿತು. ಭಿತ್ತಿಚಿತ್ರವಾಗಿದ್ದರೆ ಅದು ಗೋಡೆಯಲ್ಲೇ ಉಳಿಯುತ್ತಿತ್ತೇನೋ. ಕ್ಯಾನ್ವಾಸ್ ಚಿತ್ರಕ್ಕೆ ಕಾಲು ಕೊಟ್ಟಿತು. ಕದ್ದೊಯ್ಯುವವರಿಗೂ ಅನುಕೂಲ ಮಾಡಿಕೊಟ್ಟಿತು.

ಸುರುಳಿ ಸುತ್ತಿ ಸಾಗಿಸುವ ಚಿತ್ರಕ್ಕೆ ಅಸ್ತರಿಯೂ ಬಾಗಲೇಬೇಕು. ಹೀಗಾಗಿ 1550ರಲ್ಲಿ ತನ್ನ ಗ್ರಂಥ ಪ್ರಕಟಿಸಿದ ವಸಾರಿ ಬೇರೊಂದು ಪಾಕ ಹೇಳುತ್ತಾನೆ: ಮೊದಲು ಸರೇಸಿನ ಕೆಲವು ಲೇಪ, ಅನಂತರ ಹಿಟ್ಟು, ಅಕ್ರೋಟಿನ ಎಣ್ಣೆ ಮತ್ತು ಸೀಸದ ಬಿಳಿ ಸೇರಿಸಿದ ಕಣಕ. ಅಸ್ತರಿಗೆ ಎಣ್ಣೆ ಸೇರಿತು, ಸರೇಸು ಕೆಳಗೆ ಕಾವಲಿಗೆ ನಿಂತಿತು. ಮುಂದಿನ ಶತಮಾನಗಳಲ್ಲಿ ನೆಲೆನಿಂತ ಕ್ರಮ ಇದೇ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಲಂಡನ್ನಿನ ಬಣ್ಣದ ವ್ಯಾಪಾರಿಗಳು ಅಸ್ತರಿ ಹಚ್ಚಿದ ಕ್ಯಾನ್ವಾಸನ್ನು ನಿಗದಿತ ಅಳತೆಗಳಲ್ಲಿ ಮಾರತೊಡಗಿದ್ದರು. ಭಾವಚಿತ್ರಕ್ಕೆ 30 ಅಂಗುಲ ಉದ್ದ, 25 ಅಂಗುಲ ಅಗಲದ ಬಟ್ಟೆ ವಾಡಿಕೆಯಾಯಿತು. ಮೂಲೆಗಳಲ್ಲಿ ಬೆಣೆ ಹೊಡೆದು ಸಡಿಲವಾದ ಬಟ್ಟೆಯನ್ನು ಮತ್ತೆ ಬಿಗಿಮಾಡುವ ಚೌಕಟ್ಟು ಬಳಕೆಗೆ ಬಂದದ್ದೂ ಆ ಶತಮಾನದ ಮಧ್ಯಭಾಗದಲ್ಲಿಯೇ. ಚಿತ್ರಕಾರನ ಶ್ರಮ ಉಳಿಯಿತು, ಜೊತೆಗೆ ಅಡಿಪಾಯದ ಅರಿವೂ ಅವನ ಕೈಯಿಂದ ಅಂಗಡಿಗೆ ಹೋಯಿತು. ಮತ್ತೆ ಆ ಕೆಲಸವನ್ನು ಕೈಗೆತ್ತಿಕೊಂಡವರೂ ಇದ್ದರು. 1888ರಲ್ಲಿ ಆರ್ಲ್ಸ್ ಊರಿನಲ್ಲಿ ಗೊಗ್ಯಾ ಇಪ್ಪತ್ತು ಮೀಟರ್ ಒರಟು ಗೋಣಿಬಟ್ಟೆ ಕೊಂಡ. ಅವನೂ ವ್ಯಾನ್ ಗೋನೂ ಅದಕ್ಕೆ ತಾವೇ ಅಸ್ತರಿ ಹಚ್ಚಿ ಚಿತ್ರ ಬರೆದರು.

ನಮ್ಮ ನಾಡಿಗೆ ಈ ಪದ್ಧತಿ ವಸಾಹತು ಕಾಲದ ಚಿತ್ರಕಾರರೊಡನೆ, 1857ರಲ್ಲಿ ಮುಂಬಯಿಯಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಂಥ ಸಂಸ್ಥೆಗಳೊಡನೆ ಬಂದಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಕ್ಯಾನ್ವಾಸುಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಆದರೆ ಹದಗೊಳಿಸಿದ ನೆಲೆಯ ಮೇಲೆ ಬರೆಯುವುದು ಮೈಸೂರಿಗೆ ಹೊಸತಾಗಿರಲಿಲ್ಲ. ಅಲ್ಲಿನ ಸಾಂಪ್ರದಾಯಿಕ ಚಿತ್ರಕಾರರು ಹಲಗೆಯ ಮೇಲೆ ಬಟ್ಟೆ, ಕಾಗದಗಳನ್ನು ಅಂಟಿಸಿ ಉಜ್ಜಿ ನುಣುಪು ಮಾಡುತ್ತಿದ್ದರು. ಚಿನ್ನದ ಕೆಲಸಕ್ಕೆ ಮಕ್ಕಿ, ಸಫೇದ, ಅಂಟು ಸೇರಿಸಿದ ಲೇಪದಿಂದ ಉಬ್ಬು ಮೂಡಿಸುತ್ತಿದ್ದರು. ನೀರಿನ ಬಣ್ಣದ ಆ ಚಿತ್ರಕ್ಕೆ ಎಣ್ಣೆಯ ಭಯವಿರಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಮುಖ್ಯವಾಗುವ ಮಾತು ಇಲ್ಲಿದೆ. ಸರೇಸು ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯ ಮಳೆಗಾಲದಲ್ಲಿ, ಚೆನ್ನೈನ ಕಡಲಗಾಳಿಯಲ್ಲಿ ಅದು ಉಬ್ಬಿ ಮೆತ್ತಗಾಗುತ್ತದೆ. ತೇವ ಮಿತಿಮೀರಿದರೆ ಒತ್ತಾಗಿ ನೆಯ್ದ ಬಟ್ಟೆ ಕುಗ್ಗುತ್ತದೆ. ಕುಗ್ಗಲಾರದ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ದೆಹಲಿಯ ಒಣ ಬೇಸಗೆಯಲ್ಲಿ ಅದೇ ಸರೇಸು ಸೆಟೆದು ಬಣ್ಣವನ್ನು ಸೀಳುವಷ್ಟು ಎಳೆಯುತ್ತದೆ. ಹಳೆಯ ಪುಸ್ತಕದ ಪಾಕವನ್ನು ಹಾಗೆಯೇ ಅನುಸರಿಸುವುದು ನಮ್ಮ ಊರುಗಳಲ್ಲಿ ಅಪಾಯ.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಬಂದ ಅಕ್ರಿಲಿಕ್ ಅಸ್ತರಿ ತೇವಕ್ಕೆ ಅಷ್ಟು ಅಂಜುವುದಿಲ್ಲ. ಡಬ್ಬಿಯ ಮೇಲೆ ‘ಗೆಸ್ಸೊ’ ಎಂದಿದ್ದರೂ ಚೆನ್ನಿನಿಯ ಗೆಸ್ಸೊಗೂ ಅದಕ್ಕೂ ಹೆಸರಿನ ನಂಟಷ್ಟೇ. ಆರಂಭಿಕರಿಗೆ ನಮ್ಮ ಸಲಹೆ ಇಷ್ಟು. ಬಟ್ಟೆಯನ್ನು ಬಿಗಿಯುವ ಮುನ್ನ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ಸಮವೆಂದು ಖಚಿತಪಡಿಸಿಕೊಳ್ಳಿ. ಎದುರುಬದುರು ಅಂಚುಗಳ ನಡುವಿನಿಂದ ಮೊಳೆ ಹೊಡೆಯಲಾರಂಭಿಸಿ ಮೂಲೆಗಳತ್ತ ಸಾಗಿ. ಸರೇಸಿನ ಬದಲು ಅಕ್ರಿಲಿಕ್ ಲೇಪ ಬಳಿದು, ಅದರ ಮೇಲೆ ಅಸ್ತರಿಯ ಎರಡು ಮೂರು ತೆಳು ಪದರ ಹಚ್ಚಿ. ಪ್ರತಿ ಪದರವೂ ಒಣಗಲಿ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಕೂರುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಸೀಸದ ಬಿಳಿ ವಿಷ. ಅದನ್ನು ಹಚ್ಚಿದ ಹಳೆಯ ಕ್ಯಾನ್ವಾಸನ್ನು ಮರಳುಕಾಗದದಿಂದ ಉಜ್ಜಬೇಡಿ. ಸಿದ್ಧವಾದ ಚಿತ್ರವನ್ನು ಮಳೆನೀರು ಇಳಿಯುವ ಹೊರಗೋಡೆಗೆ ಒತ್ತಿ ತೂಗುಹಾಕಬೇಡಿ.

ಇಷ್ಟು ಕೆಲಸಕ್ಕೆ ಒಂದೆರಡು ದಿನ ಸಾಕು. ಕಟ್ಟಡದ ಅಡಿಪಾಯದಂತೆ ಇದೂ ಯಾರ ಕಣ್ಣಿಗೂ ಬೀಳುವುದಿಲ್ಲ. ಐವತ್ತು ವರ್ಷಗಳ ಬಳಿಕ ಮೊಮ್ಮಕ್ಕಳು ಆ ಚಿತ್ರವನ್ನು ಗೋಡೆಯ ಮೇಲೆ ನೋಡುವರೋ, ನೆಲದ ಮೇಲಿನ ಹಕ್ಕಳೆಗಳನ್ನು ಗುಡಿಸುವರೋ ಎಂಬುದು ಈ ಒಂದೆರಡು ದಿನಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.